ಖಾಲಿ ಕೋವಿಯ ಒದೆ

ಕೋವಿಯಲ್ಲಿ ತೋಟಾ ಇರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ. ಟ್ರಿಗರ್ ಎಳೆದೆ. 'ಟಕ್' ಅಂತ ಒಂದು ಸಣ್ಣ ಸದ್ದು, ಅಷ್ಟೇ. ಆದರೆ ಕೋವಿಯ ಮೂತಿ ಎರಡು ಬೆರಳಷ್ಟು ಕೆಳಗೆ ಬಗ್ಗಿತ್ತು, ಭುಜ ಮುಂದಕ್ಕೆ ನುಗ್ಗಿತ್ತು, ಕಣ್ಣೆರಡೂ ಗಟ್ಟಿಯಾಗಿ ಮುಚ್ಚಿದ್ದವು.

"ನೋಡಿದೆಯಾ?" ಅಂದರು ಪಕ್ಕದ ಮನೆ ಅಜ್ಜಿ.

ಶನಿವಾರದಿಂದ ಆ 'ಟಕ್' ನನ್ನ ಕಿವಿಯಿಂದ ಹೋಗಿಲ್ಲ. ಆಫೀಸಿನ ಮೀಟಿಂಗ್ ಮಧ್ಯೆ ಕೇಳಿಸುತ್ತದೆ. ಪಾತ್ರೆ ತೊಳೆಯುವಾಗಲೂ ಕೇಳಿಸುತ್ತದೆ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಇಲ್ಲಿ ನವೆಂಬರ್ ಬಂದರೆ ಜನ ಜಿಂಕೆ ಬಿಟ್ಟು ಬೇರೆ ಮಾತಾಡುವುದಿಲ್ಲ. ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಶುರುವಾಗಿ ಒಂಬತ್ತು ದಿನ ಕೋವಿಯ ಬೇಟೆ. ಇಷ್ಟು ವರ್ಷ ಸುಮ್ನೆ ನೋಡುತ್ತಿದ್ದವನು ಈ ಸಲ ನಾನೂ ಬರುತ್ತೇನೆ ಅಂದೆ. ಅಂದಿದ್ದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. "ನಾನು ಕೊಡಗಿನವನು, ಕೋವಿ ನಮಗೆ ಹೊಸದಲ್ಲ" ಅಂತ ಊಟದ ಟೇಬಲ್‌ನಲ್ಲಿ ಜಂಬ ಬೇರೆ ಕೊಚ್ಚಿದ್ದೆ. ನಮ್ಮದು ಜಮ್ಮಾ ಹಿಡುವಳಿಯ ಮನೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನಿನವರು. ಊರಲ್ಲಿ ನಮಗೆ ಕೋವಿ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಡ, ಬೇಟೆಯಾಡಿದರೆ ಮಾತ್ರ ಜೈಲು. ಇಲ್ಲಿ ತಮಾಷೆ ನೋಡಿ, ಎಚ್-1ಬಿ ವೀಸಾದವರು ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ, ಆದರೆ ಬೇಟೆಯ ಲೈಸೆನ್ಸ್ ಇದ್ದರೆ ಆಗಬಹುದು. ನನ್ನದು ಗ್ರೀನ್ ಕಾರ್ಡ್, ಆ ತಲೆನೋವಿಲ್ಲ. 1973ರಲ್ಲೋ ಆಮೇಲೋ ಹುಟ್ಟಿದ ತಪ್ಪಿಗೆ ಬೇಟೆ ಸುರಕ್ಷತೆಯ ಕೋರ್ಸ್ ಮಾತ್ರ ಮಾಡಬೇಕಾಯಿತು.

ಆಫೀಸಿನ ಗೆಳೆಯನೊಬ್ಬ ತನ್ನ .30-06 ಕೋವಿ ಕೊಟ್ಟ. ಇಲ್ಲಿ ಕೋವಿಯನ್ನು ಅದರ ತೋಟಾದ ಹೆಸರಿನಿಂದಲೇ ಕರೆಯುತ್ತಾರೆ. 1906ರಲ್ಲಿ ಸೈನ್ಯಕ್ಕೆ ಅಂತ ಬಂದ ತೋಟಾ ಅದು, ಇವತ್ತಿಗೂ ಇಲ್ಲಿ ಬೇಟೆಗಾರರ ಮುದ್ದು. ಒಳ್ಳೆಯ ಹುಡುಗ, ಆದರೆ ಎಲ್ಲವೂ ದೊಡ್ಡದೇ ಆಗಬೇಕು ಅವನಿಗೆ. ಗಾಡಿಯೂ ದೊಡ್ಡದು, ಕಾಫಿ ಲೋಟವೂ ದೊಡ್ಡದು. ಕೋವಿ ಮಾತ್ರ ಹೊರಲು ಸುಲಭ ಅಂತ ಹಗುರದ್ದು ತಗೊಂಡಿದ್ದಾನೆ. ಅಲ್ಲೇ ಎಡವಟ್ಟು. ಗುಂಡು ಮುಂದೆ ಹೋದಂತೆ ಕೋವಿ ಹಿಂದೆ ಬರಲೇಬೇಕು. ಕೋವಿ ಹಗುರ ಆದಷ್ಟೂ ಜೋರಾಗಿ ಬರುತ್ತದೆ. ಮೊದಲ ಭಾನುವಾರ ಹನ್ನೆರಡು ಈಡು ಹೊಡೆದೆ. ಸಂಜೆ ಭುಜ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಗುರಿಕಾಗದದ ಮೇಲಿನ ತೂತುಗಳು ಚೆಲ್ಲಿದ ಸಾಸಿವೆಯ ಹಾಗೆ.

ಮರುದಿನ ಅಂಗಡಿಗೆ ಹೋದೆ. ಒದೆ ಕಡಿಮೆ ಇರೋದು ಏನಾದರೂ ಇದೆಯಾ ಅಂತ ಮೆಲ್ಲಗೆ ಕೇಳಿದೆ. "ಯಾರಿಗೆ?" ಅಂದ ಕೌಂಟರಿನವನು. "ಹೆಂಡತಿಗೆ" ಅಂದುಬಿಟ್ಟೆ.

ನನ್ನ ಹೆಂಡತಿ ಕೋಳಿ ಕತ್ತರಿಸುವ ಅಂಗಡಿಯ ಮುಂದೆಯೂ ನಿಲ್ಲುವವಳಲ್ಲ.

ಅವನು ಖುಷಿಯಾಗಿ .243 ವಿಂಚೆಸ್ಟರ್ ಅನ್ನೋ ಸಣ್ಣ ತೋಟಾದ ಕೋವಿ ತೆಗೆದ. "ಹೆಂಗಸರು, ಮಕ್ಕಳಿಗೆ ಹೇಳಿ ಮಾಡಿಸಿದ್ದು" ಅಂದ. ಜೊತೆಗೆ ಕಣ್ಣು ಕುಕ್ಕುವ ಗುಲಾಬಿ ಬಣ್ಣದ ಬೇಟೆ ಜಾಕೆಟ್ ಕೂಡ ತೋರಿಸಿದ. ಬೇಟೆಗಾರರು ಎದ್ದು ಕಾಣಲೆಂದು ಹಾಕುವ ಕಿತ್ತಳೆ ಬಣ್ಣದ ಜೊತೆ ಗುಲಾಬಿಯೂ ಆಗಬಹುದು ಅಂತ 2016ರಲ್ಲಿ ಇಲ್ಲಿ ಕಾನೂನೇ ಆಗಿದೆ. ಏನೂ ತಗೊಳ್ಳದೆ ವಾಪಸ್ ಬಂದೆ.

ಇದನ್ನೆಲ್ಲ ಬೇಲಿಯಾಚೆ ನಿಂತು ಕೇಳಿದ ಅಜ್ಜಿ ಬಿದ್ದು ಬಿದ್ದು ನಕ್ಕರು. ಎಪ್ಪತ್ತು ದಾಟಿದವರು, ಒಬ್ಬರೇ ಇದ್ದಾರೆ. "ಗುಲಾಬಿ ಬೇಕು ಅಂತ ಇವರನ್ನು ಕೇಳಿದವರು ಯಾರು?" ಅಂದರು. ಆಮೇಲೆ ಗಂಭೀರವಾಗಿ, "ಶನಿವಾರ ಆ ದೊಡ್ಡ ಕೋವಿ ತಗೊಂಡು ಬಾ" ಅಂದರು.

ಶನಿವಾರ ನಾಲ್ಕು ಈಡು ನಾನೇ ತುಂಬಿಸಿ ಹೊಡೆದೆ. ಐದನೆಯದಕ್ಕೆ "ಕೊಡು, ನಾನು ತುಂಬಿಸ್ತೀನಿ" ಅಂತ ತಗೊಂಡರು. ನನಗೆ ಬೆನ್ನು ಹಾಕಿ ಬೋಲ್ಟ್ ಎಳೆದು ಮುಚ್ಚಿದ ಸದ್ದಾಯಿತು. ವಾಪಸ್ ಕೊಟ್ಟರು. ನಾನು ಉಸಿರು ಬಿಗಿಹಿಡಿದು, ಕಾಗದದ ನಡುವಿನ ಕಪ್ಪು ಚುಕ್ಕೆ ನೋಡಿ ಎಳೆದೆ.

ಟಕ್.

ನನ್ನನ್ನು ಒದ್ದಿದ್ದು ಕೋವಿಯಲ್ಲ. ಒದೆ ಬರುತ್ತದೆ ಅಂತ ನಾನೇ ಮೊದಲು ಕೋವಿಯನ್ನು ದಬ್ಬುತ್ತಿದ್ದೆ. "ಇದೇ ಜಿಂಕೆ ಆಗಿದ್ದರೆ ಎಲ್ಲಿ ಬೀಳುತ್ತಿತ್ತು ಗುಂಡು? ಹೊಟ್ಟೆಗೋ, ಕಾಲಿಗೋ" ಅಂದರು ಅಜ್ಜಿ. ಬೈಗುಳದ ದನಿಯಲ್ಲ, ಲೆಕ್ಕ ಹೇಳುವ ದನಿ.

ಆಮೇಲೆ ತಮ್ಮ ಹಳೇ .243 ಕೊಟ್ಟರು. ಇದು 1955ರ ತೋಟಾ. .308 ಅನ್ನೋ ಇನ್ನೊಂದು ತೋಟಾದ ಹಿತ್ತಾಳೆ ಚಿಪ್ಪಿನ ಕತ್ತನ್ನು ಕಿರಿದು ಮಾಡಿ ತಯಾರಿಸಿದ್ದು. ಅದರ 100 ಗ್ರೇನ್ ಗುಂಡು ಅಂದರೆ ಆರೂವರೆ ಗ್ರಾಂ. ನಾನು ಹೊಡೆಯುತ್ತಿದ್ದ 180 ಗ್ರೇನ್ ಹತ್ತಿರ ಹತ್ತಿರ ಹನ್ನೆರಡು ಗ್ರಾಂ. ಒದೆ ಹೆಚ್ಚುಕಮ್ಮಿ ಅರ್ಧ. ಭುಜಕ್ಕೆ ಯಾರೋ ತಟ್ಟಿ ಕರೆದ ಹಾಗಾಯಿತು, ಅಷ್ಟೇ. ಮೂರನೇ ಈಡಿಗೆ ಒಂದು ವಿಚಿತ್ರ ನಡೆಯಿತು. ಸ್ಕೋಪಿನೊಳಗೆ ಕಾಗದದಲ್ಲಿ ತೂತು ಬೀಳುವುದು ಕಂಡಿತು. ಅಂದರೆ ನನ್ನ ಕಣ್ಣು ತೆರೆದಿತ್ತು.

.243 ಸಾಲದು ಅನ್ನುವವರ ಮಾತೂ ಪೂರ್ತಿ ಸುಳ್ಳಲ್ಲ. ಗುಂಡು ಹಗುರ, ತಪ್ಪಿದರೆ ಮಾಫಿ ಕಡಿಮೆ. ತೆಳು ಕವಚದ ಗುಂಡು ಹಾಕಿ ಹೆಗಲ ಮೂಳೆಗೆ ಹೊಡೆದರೆ ಒಳಗೆ ಹೋಗದೆ ಅಲ್ಲೇ ಚೂರಾಗಬಹುದು. ಇನ್ನೂ ಸ್ವಲ್ಪ ಭಾರದ ಗುಂಡು ಬೇಕು ಅಂದರೆ 7ಎಂಎಂ-08, 6.5 ಕ್ರೀಡ್‌ಮೂರ್ ಅನ್ನೋ ತೋಟಾಗಳಿವೆ. ಅವುಗಳ ಒದೆ .243ಕ್ಕೂ .30-06ಕ್ಕೂ ನಡುವಿನದು. ಆದರೆ ಅಜ್ಜಿಯ ಕಾಡಿನಲ್ಲಿ ಎಂಬತ್ತು ಗಜದಾಚೆ ಏನೂ ಕಾಣುವುದಿಲ್ಲ. ಮುಂಗಾಲಿನ ಹಿಂದೆ, ಎದೆಗೂಡಿಗೆ, ಸರಿಯಾದ ಗುಂಡು ಬಿದ್ದರೆ .243 ಧಾರಾಳ ಸಾಕು.

ತೋಟಾದ ವಿಷಯ ಅಲ್ಲಿಗೆ ಮುಗಿಯಿತು. ಆ 'ಟಕ್' ಮುಗಿಯಲಿಲ್ಲ.

ಊರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಚಿಕ್ಕವನಿದ್ದಾಗ ಕಣಿವೆಯಾಚೆ ಒಂದು ಈಡು ಕೇಳಿದರೆ ಅಮ್ಮ ಸೌಟು ಕೈಯಲ್ಲಿ ಹಿಡಿದು ಹಾಗೇ ನಿಲ್ಲುತ್ತಿದ್ದಳು. ಎರಡನೆಯದು ಬರದಿದ್ದರೆ ಸಾರು ಮತ್ತೆ ಕದಡುತ್ತಿದ್ದಳು. ನಾನೂ ಅವಳ ಪಕ್ಕ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದೆ. ಈಗ ಇಲ್ಲಿ ಅಪರಾತ್ರಿ ಫೋನ್‌ನಲ್ಲಿ ಊರಿನ ನಂಬರ್ ಮಿನುಗಿದರೆ ಅದೇ ಆಗುತ್ತದೆ. ಹಲೋ ಅನ್ನುವ ಮೊದಲೇ ಮೈ ಬಿಗಿಯುತ್ತದೆ. ಎಷ್ಟೋ ಸಲ ಆಚೆಯಿಂದ "ಏನಿಲ್ಲ, ಟೈಮ್ ನೋಡದೆ ಮಾಡಿಬಿಟ್ಟೆ" ಅನ್ನುತ್ತಾರೆ. ಖಾಲಿ ಕೋವಿ.

ಮೊನ್ನೆ ನಾನೇ ಮಾವನಿಗೆ ಫೋನ್ ಮಾಡಿದೆ. ಹನ್ನೆರಡು ವರ್ಷದವನಿದ್ದಾಗ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಲು ಹೋಗಿ ಅಂಗಾತ ಬಿದ್ದಿದ್ದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಇವನೇ. "ಮಾವ, ನೀನು ಈಡು ಹೊಡೆಯುವಾಗ ಕಣ್ಣು ಮುಚ್ಚುತ್ತಿದ್ದೆಯಾ?" ಅಂದೆ.

"ಮತ್ತೆ? ಆ ಜೋಡು ನಳಿಗೆ ಕೋವಿ ಏನು ಕಮ್ಮಿ ಒದೀತಿತ್ತಾ? ಎಲ್ಲರೂ ಮುಚ್ಚುತ್ತಿದ್ದರು. ಹೇಳುತ್ತಿರಲಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬೇಟೆ ನಿಷೇಧದ ಕಾನೂನು ಬರುವ ಮುಂಚಿನ ಒಂದು ಕಡವೆಯ ವಿಷಯ ತೆಗೆದ. ಹಿಂಗಾಲಿಗೆ ಬಿದ್ದಿತ್ತಂತೆ ಏಟು. ಎರಡು ದಿನ ರಕ್ತದ ಜಾಡು ಹಿಡಿದು ಹೋದರಂತೆ. ಹೊಳೆಯ ಹತ್ತಿರ ಜಾಡು ಕಳೆಯಿತಂತೆ. ಯಾರ ಈಡು ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಬರುವ ಶನಿವಾರ ಅಜ್ಜಿ ಮತ್ತೆ ಕರೆದಿದ್ದಾರೆ. ಎಷ್ಟು ತೋಟಾ ತರಲಿ ಅಂತ ಕೇಳಿದೆ.

"ಹತ್ತು ತಾ. ಇಪ್ಪತ್ತು ಸಲ ಹೊಡೆಯೋಣ" ಅಂದರು.