ಕತ್ತು ತಿರುಗಿಸಲ್ಲ ಎಂದ ಡಾಕ್ಟರು

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಮನೆ ಮುಂದಿನ ಹಿಮ ತೆಗೆಯುತ್ತಿದ್ದೆ. ರಾತ್ರಿಯೆಲ್ಲ ಬಿದ್ದ ಒದ್ದೆ ಹಿಮ, ಕಲ್ಲಿನಷ್ಟು ಭಾರ. ಸಲಿಕೆ ತುಂಬ ಎತ್ತಿಕೊಂಡು ಬಲಗಡೆಗೆ ಎಸೆಯಲು ಸೊಂಟ ತಿರುಗಿಸಿದೆ, ಅಷ್ಟೇ. ಬೆನ್ನ ಕೆಳಗೆ ಯಾರೋ ಹಗ್ಗ ಬಿಗಿದು ಗಂಟು ಹಾಕಿದಂತಾಯಿತು. ಸಲಿಕೆ ಊರಿಕೊಂಡು ಹಾಗೇ ನಿಂತೆ. ನೆಟ್ಟಗಾಗಲೂ ಬರಲಿಲ್ಲ, ಬಗ್ಗಲೂ ಬರಲಿಲ್ಲ. ಮಗಳು ಕಿಟಕಿಯಿಂದ ನೋಡಿ ಓಡಿ ಬಂದು ಒಳಗೆ ಕರೆದುಕೊಂಡು ಹೋದಳು.

ಕತ್ತಿನ ನೋವು ಅದಕ್ಕಿಂತ ಹಳೆಯದು. ಎರಡು ವರ್ಷದಿಂದ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ದಿನಕ್ಕೆ ಒಂಬತ್ತು ಗಂಟೆ ತಲೆ ಬಗ್ಗಿಸಿಯೇ ಇರುತ್ತಿದ್ದೆ. ಮೊದಲು ಭುಜ ಬಿಗಿಯುತ್ತಿತ್ತು. ಆಮೇಲೆ ಕಾರು ಹಿಂದಕ್ಕೆ ತೆಗೆಯುವಾಗ ಕತ್ತು ತಿರುಗುತ್ತಿರಲಿಲ್ಲ. ಆ ಚಳಿಗಾಲದಲ್ಲಿ ಬಲಗೈ ಹೆಬ್ಬೆರಳು ಮತ್ತು ತೋರುಬೆರಳಿಗೆ ಜೋಮು ಹಿಡಿಯುವುದು ಶುರುವಾಗಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಚಳಿಗೆ ಹಾಗಾಗುತ್ತದೆ ಅಂದುಕೊಂಡಿದ್ದೆ.

ತೀರ್ಥಹಳ್ಳಿಯಿಂದ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಮುಖ ನೋಡಿಯೇ ಕೇಳಿದರು. "ಎಂತಾಯ್ತೇ? ಮುಖ ಹಾಗ್ಯಾಕೆ ಇದೆ?"

"ಸೊಂಟ ಹಿಡ್ಕೊಂಡಿದೆ ಅಮ್ಮ."

"ಕಲ್ಲುಪ್ಪು ಹುರಿದು ಬಟ್ಟೇಲಿ ಕಟ್ಟಿ ಶಾಖ ಕೊಡು. ಅಲ್ಲಿ ಉಳುಕು ತೆಗೆಯೋರು ಯಾರೂ ಇಲ್ವಾ?"

ಇದ್ದಾರೆ. ನಾನಿರುವ ಊರಲ್ಲಿ ಜಾಸ್ತಿಯೇ ಇದ್ದಾರೆ. ನಾವಿರುವುದು ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿ. ಬೆನ್ನು, ಕತ್ತಿನ ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸುವ ಕೈರೋಪ್ರಾಕ್ಟಿಕ್ ಅನ್ನುವ ಚಿಕಿತ್ಸೆ ಹುಟ್ಟಿದ್ದೇ ಇಲ್ಲಿ. ಡಿ.ಡಿ. ಪಾಮರ್ ಎಂಬಾತ ಇಲ್ಲಿ ಕೈಯಿಂದ ಕಾಂತಶಕ್ತಿ ಹರಿಸಿ ರೋಗ ಗುಣಪಡಿಸುತ್ತೇನೆ ಎಂದು ಚಿಕಿತ್ಸೆ ನಡೆಸುತ್ತಿದ್ದರು. 1895ರ ಸೆಪ್ಟೆಂಬರಿನಲ್ಲಿ ಅದೇ ಕಟ್ಟಡದ ಕೆಲಸಗಾರ ಹಾರ್ವೆ ಲಿಲಾರ್ಡ್ ಎಂಬವರ ಬೆನ್ನಮೂಳೆಯನ್ನು ಒತ್ತಿದರು, ಹದಿನೇಳು ವರ್ಷದಿಂದ ಕೇಳದಿದ್ದ ಕಿವಿ ಕೇಳಿಸಿತು ಅನ್ನುವುದು ಅವರು ಹೇಳಿದ ಕಥೆ. ಕಿವಿಯ ನರ ಕತ್ತಿನ ಮೂಲಕ ಹೋಗುವುದೇ ಇಲ್ಲ, ತಲೆಬುರುಡೆಯ ಒಳಗೇ ಮಿದುಳನ್ನು ಸೇರುತ್ತದೆ. ಹಾಗಾಗಿ ಆ ಕಥೆಯನ್ನು ಹಾಗೇ ನಂಬುವುದು ನನಗೆ ಕಷ್ಟ. ಆದರೆ 1897ರಲ್ಲಿ ಅವರು ತೆರೆದ ಶಾಲೆ ಈಗ ದೊಡ್ಡ ಕಾಲೇಜು. ಬ್ರೇಡಿ ಸ್ಟ್ರೀಟ್‌ನಲ್ಲಿ ನಾನು ವಾರಕ್ಕೆರಡು ಸಲ ಅದರ ಮುಂದೆಯೇ ಹಾದು ಹೋಗುತ್ತೇನೆ. ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿದ್ದಕ್ಕೆ 1906ರಲ್ಲಿ ಪಾಮರ್ ಇದೇ ಕೌಂಟಿಯ ಜೈಲಿಗೂ ಹೋಗಿ ಬಂದರು. ಈಗ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಇದಕ್ಕೆ ಲೈಸೆನ್ಸ್ ಇದೆ, ಹಿರಿಯರ ಸರ್ಕಾರಿ ವಿಮೆಯೂ ಬೆನ್ನು ಒತ್ತುವುದಕ್ಕೆ ದುಡ್ಡು ಕೊಡುತ್ತದೆ.

ನಾನು ಮೊದಲು ಹೋಗಿದ್ದು ಅಂಗಡಿ ಸಾಲಿನಲ್ಲಿದ್ದ ಒಂದು ಕ್ಲಿನಿಕ್ಕಿಗೆ. ಮೊದಲ ಸಲ ಕಡಿಮೆ ದುಡ್ಡು ಎಂದು ಬೋರ್ಡ್ ಹಾಕಿದ್ದರು. ಒಳಗೆ ಹೋಗಿ ಐದು ನಿಮಿಷಕ್ಕೆ ಎಕ್ಸ್‌ರೇ ತೆಗೆದರು. ನೋವು ಹೇಗಿದೆ ಎಂದು ಸರಿಯಾಗಿ ಕೇಳುವ ಮೊದಲೇ ತೆಗೆದರು. ಆಮೇಲೆ ಪರದೆಯ ಮೇಲೆ ನನ್ನ ಕತ್ತಿನ ಚಿತ್ರ ಹಾಕಿ ಅದರ ಮೇಲೆ ಕೆಂಪು ಗೆರೆ ಎಳೆದರು. ಕತ್ತಿನ ಬಾಗು ಹೋಗಿದೆ, ಹೀಗೇ ಬಿಟ್ಟರೆ ಮುಂದೆ ಕಷ್ಟವಿದೆ ಅಂದರು. ಮಲಗಿ ಅಂದರು. ತಲೆ ಹಿಡಿದು ಅತ್ತ ಒಂದು ಸಲ, ಇತ್ತ ಒಂದು ಸಲ ತಿರುಗಿಸಿದರು. ಕಿವಿಯ ಹತ್ತಿರವೇ ಲಟಲಟ ಸದ್ದು. ಏನು ಮಾಡುತ್ತಾರೆ ಎಂದು ನನಗೆ ತಿಳಿಯುವಷ್ಟರಲ್ಲಿ ಮುಗಿದೇ ಹೋಗಿತ್ತು. ಎದ್ದು ಕೂತಾಗ ಕೈ ನಡುಗುತ್ತಿತ್ತು. ಹೊರಗೆ ಬಂದರೆ ಮೇಜಿನ ಮೇಲೆ ಒಂದು ಕಾಗದ ಕಾದಿತ್ತು: ಮೂವತ್ತಾರು ಭೇಟಿ, ಈಗಲೇ ಪೂರ್ತಿ ಕಟ್ಟಿದರೆ ರಿಯಾಯಿತಿ. ಮಕ್ಕಳನ್ನೂ ಕರೆತನ್ನಿ ಅಂದರು.

ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳ ಬೆನ್ನಿಗೆ ಏನೂ ಆಗಿಲ್ಲ. ಸಹಿ ಮಾಡದೆ ಬಂದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಇತ್ತು. ಬೆರಳಿನ ಜೋಮು ಹಾಗೇ ಇತ್ತು.

ಇನ್ನು ಈ ಕಡೆ ತಲೆ ಹಾಕಲ್ಲ ಅಂದುಕೊಂಡೆ. ಆದರೆ ಬೆನ್ನು ಬಿಡಬೇಕಲ್ಲ. ಹನ್ನೆರಡನೇ ದಿನವೂ ಸಾಕ್ಸ್ ಹಾಕಿಕೊಳ್ಳಲು ಮಗಳನ್ನೇ ಕರೆಯಬೇಕಾಗಿತ್ತು. ಆಫೀಸಿನ ಗೆಳತಿಯೊಬ್ಬಳು ಇನ್ನೊಬ್ಬ ಕೈರೋಪ್ರಾಕ್ಟಿಕ್ ಡಾಕ್ಟರ ಹೆಸರು ಕೊಟ್ಟಳು. "ಇವರು ಬೇರೆ ಥರ. ಒಂದು ಸಲ ಹೋಗಿ ಬಾ" ಅಂದಳು.

ಫೆಬ್ರವರಿಯ ಮೊದಲ ವಾರ. ಹೊರಗೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ. ನದಿಯ ಪಕ್ಕದ ರಸ್ತೆಯಲ್ಲಿ ನಿಧಾನವಾಗಿ ಕಾರು ಓಡಿಸಿಕೊಂಡು ಹೋದೆ. ಮಿಸಿಸಿಪ್ಪಿ ಉತ್ತರದಿಂದ ದಕ್ಷಿಣಕ್ಕೆ ಹರಿಯುವ ನದಿ, ಆದರೆ ನಮ್ಮೂರಿನ ಹತ್ತಿರ ಪೂರ್ವದಿಂದ ಪಶ್ಚಿಮಕ್ಕೆ ಹೊರಳಿಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದಾಗ ಅಣೆಕಟ್ಟೆಯ ಕೆಳಗೆ ಮಾತ್ರ ನೀರು ತೆರೆದಿರುತ್ತದೆ. ಅಲ್ಲಿ ಮೀನು ಹಿಡಿಯಲು ಬಿಳಿತಲೆಯ ಹದ್ದುಗಳು ಬಂದು ಮರದ ತುಂಬ ಕೂರುತ್ತವೆ. ಪ್ರತಿ ವರ್ಷ ನೋಡಲು ಹೋಗುತ್ತಿದ್ದೆವು. ಆ ವರ್ಷ ಹೋಗಿರಲಿಲ್ಲ. ತಲೆ ಎತ್ತಿ ಮರ ನೋಡಲು ಆಗುತ್ತಿರಲಿಲ್ಲ.

ಡಾಕ್ಟರಿಗೆ ಅರವತ್ತರ ಹತ್ತಿರ ವಯಸ್ಸು. ಬಿಳಿ ಕೂದಲು, ಅಗಲ ಕೈ. ಆ ಬ್ರೇಡಿ ಸ್ಟ್ರೀಟಿನ ಕಾಲೇಜಿನಲ್ಲೇ ಓದಿದವರು. ನನ್ನ ಎದುರು ಸ್ಟೂಲ್ ಎಳೆದುಕೊಂಡು ಕೂತು ಇಪ್ಪತ್ತು ನಿಮಿಷ ಬರೀ ಕೇಳಿದರು. ನೋವು ಯಾವಾಗ ಜಾಸ್ತಿ? ರಾತ್ರಿ ಎಬ್ಬಿಸುತ್ತದಾ? ಜ್ವರ ಬಂದಿತ್ತಾ, ತೂಕ ಇಳಿದಿದೆಯಾ? ಮೂತ್ರ ಹೋಗುವುದರಲ್ಲಿ ಏನಾದರೂ ಬದಲಾವಣೆ ಇದೆಯಾ? ತೊಡೆಗಳ ಮಧ್ಯೆ ಮರಗಟ್ಟಿದ ಹಾಗಿದೆಯಾ? ಬೆನ್ನು ನೋವಿಗೂ ಮೂತ್ರಕ್ಕೂ ಏನು ಸಂಬಂಧ ಎಂದು ಕೇಳಿದೆ. ಬೆನ್ನಮೂಳೆಯ ತುದಿಯಲ್ಲಿ ನರಗಳ ಒಂದು ಕಟ್ಟು ಇದೆ, ಅದು ಒತ್ತಿಕೊಂಡರೆ ಹೀಗೆಲ್ಲ ಆಗುತ್ತದೆ, ಹಾಗಾದರೆ ಇಲ್ಲಿಗಲ್ಲ, ಅವತ್ತೇ ಎಮರ್ಜೆನ್ಸಿಗೆ ಹೋಗಬೇಕು ಅಂದರು. ಇದನ್ನು ನಾನು ಇಲ್ಲಿ ಬರೆಯುತ್ತಿರುವುದು ಬೇಕೆಂದೇ. ಬೆನ್ನು ನೋವಿರುವ ಎಲ್ಲರಿಗೂ ಇದು ಗೊತ್ತಿರಬೇಕು.

ಆಮೇಲೆ ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಮಲಗಿಸಿ ಕಾಲು ನೆಟ್ಟಗೆ ಮೇಲೆತ್ತಿದರು. ರಕ್ತದೊತ್ತಡ ನೋಡಿದರು. ಎರಡೂ ಕೈಯಲ್ಲಿ ಅವರ ಬೆರಳನ್ನು ಬಿಗಿಯಾಗಿ ಹಿಡಿಯಲು ಹೇಳಿದರು. ಆಗ ನಾನು ಜೋಮಿನ ವಿಷಯ ಹೇಳಿಬಿಟ್ಟೆ. ಹೇಳಿದ್ದು ಅದೇ ಮೊದಲು.

"ಯಾವ ಬೆರಳು?"

ತೋರಿಸಿದೆ. ನನ್ನ ತಲೆಯನ್ನು ಮೆಲ್ಲಗೆ ಬಲಕ್ಕೆ ವಾಲಿಸಿ ಮೇಲಿಂದ ಸ್ವಲ್ಪ ಒತ್ತಿದರು. ಭುಜದಿಂದ ಹೆಬ್ಬೆರಳ ತನಕ ಕರೆಂಟ್ ಹೊಡೆದಂತಾಯಿತು. ತಕ್ಷಣ ಕೈ ತೆಗೆದರು.

"ನಿಮ್ಮ ಸೊಂಟಕ್ಕೆ ನಾನು ಸಹಾಯ ಮಾಡಬಹುದು. ಕತ್ತು ನಾನು ತಿರುಗಿಸಲ್ಲ" ಅಂದರು. ಕತ್ತಿನ ಆರನೇ ನರದ ದಾರಿ ಅದು, ಡಿಸ್ಕ್, ಅಂದರೆ ಎರಡು ಮೂಳೆಗಳ ನಡುವಿನ ಮೆತ್ತೆ, ಅದನ್ನು ಒತ್ತುತ್ತಿರಬಹುದು, ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರಿಗೆ ತೋರಿಸಿ, ಎಂ.ಆರ್.ಐ. ಬೇಕಾಗಬಹುದು ಎಂದು ಹೇಳಿ ಅಲ್ಲೇ ಕೂತು ಪತ್ರ ಬರೆದರು. ಹಿಂದಿನ ಕ್ಲಿನಿಕ್ಕಿನ ವಿಷಯ ಹೇಳಿದೆ. ಅವರು ಆ ಕ್ಲಿನಿಕ್ಕನ್ನು ಬೈಯಲಿಲ್ಲ. ಕತ್ತಿನ ಒಳಗೆ ಮಿದುಳಿಗೆ ಹೋಗುವ ರಕ್ತನಾಳಗಳಿವೆ, ಜೋರಾಗಿ ತಿರುಗಿಸಿದಾಗ ಅಪರೂಪಕ್ಕೆ ಅದರ ಒಳಪದರ ಹರಿಯಬಹುದು, ಅದರಿಂದ ಪಾರ್ಶ್ವವಾಯು ಆಗಬಹುದು, ಅಪರೂಪವಾದರೂ ಮುಟ್ಟುವ ಮೊದಲು ಹೇಳಿ ಒಪ್ಪಿಗೆ ಕೇಳಬೇಕು ಅಂದರು. ಒಪ್ಪಿಗೆ ಕೇಳದೆ ನನ್ನ ತಲೆ ತಿರುಗಿಸಿದ್ದು ನೆನಪಾಗಿ ಕಣ್ಣಲ್ಲಿ ನೀರು ಬಂತು. ಟಿಶ್ಯೂ ಡಬ್ಬ ನನ್ನ ಕಡೆ ಸರಿಸಿ ಸುಮ್ಮನೆ ಕೂತರು.

ಅಲ್ಲಿ ಕೂತಾಗಲೇ ಆಚೆಮನೆ ಅಜ್ಜಿ ನೆನಪಾದರು. ನಮ್ಮೂರಲ್ಲಿ ಒಂದು ನಂಬಿಕೆ ಇದೆ. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಕಾಲು ತಾಗಿಸಿದರೆ ಉಳುಕು ಹೋಗುತ್ತದೆ ಎಂದು. ಆ ಅಜ್ಜಿ ಹಾಗೆ ಹುಟ್ಟಿದವರು. ಅಡಿಕೆ ಕೊಯ್ಲಿನ ಕಾಲದಲ್ಲಿ ಅವರ ಜಗಲಿಯ ಮೇಲೆ ಸೊಂಟ ಹಿಡಿದುಕೊಂಡವರು ಸಾಲಾಗಿ ಬಂದು ಬೋರಲು ಮಲಗುತ್ತಿದ್ದರು. ಅಜ್ಜಿ ಗೋಡೆ ಹಿಡಿದುಕೊಂಡು ಮೂರು ಸಲ ಮೆಲ್ಲಗೆ ಕಾಲು ಇಡುತ್ತಿದ್ದರು. ಆಮೇಲೆ ಎಣ್ಣೆ ಹಚ್ಚಿ ನೀವುತ್ತಿದ್ದರು. ಒಂದು ಪೈಸೆ ತೆಗೆದುಕೊಳ್ಳುತ್ತಿರಲಿಲ್ಲ.

ನನಗೆ ಹತ್ತು ವರ್ಷವಿದ್ದಾಗ ಚಿಕ್ಕಪ್ಪ ಏಣಿಯಿಂದ ಬಿದ್ದರು. ನಾಲ್ಕು ಜನ ಕಂಬಳಿಯಲ್ಲಿ ಎತ್ತಿ ಅಜ್ಜಿಯ ಜಗಲಿಗೇ ತಂದರು. ಅಜ್ಜಿ ಪಕ್ಕ ಕೂತು ಚಿಕ್ಕಪ್ಪನ ಪಾದ ಚಿವುಟಿದರು. "ಗೊತ್ತಾಗ್ತದಾ ಮಗಾ?" ಎಂದು ಕೇಳಿದರು. ಗೊತ್ತಾಗಲ್ಲ ಅಂದರು ಚಿಕ್ಕಪ್ಪ. ಅಜ್ಜಿ ಎದ್ದು ನಿಂತು, "ಇದು ಉಳುಕಲ್ಲ. ನಾ ಕಾಲು ತಾಗ್ಸಲ್ಲ. ಯಾರೂ ಮುಟ್ಟಬೇಡಿ. ಹಲಗೆ ಮೇಲೆ ಮಲಗಿಸಿ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ" ಅಂದರು. ಬೆನ್ನಮೂಳೆ ಬಿರುಕು ಬಿಟ್ಟಿತ್ತು. ಚಿಕ್ಕಪ್ಪ ಈಗಲೂ ನಡೆಯುತ್ತಾರೆ, ತೋಟಕ್ಕೆ ಹೋಗುತ್ತಾರೆ. ಶಾಲೆಗೇ ಹೋಗದ ಅಜ್ಜಿಗೆ ತನ್ನ ಕಾಲು ಯಾವ ಬೆನ್ನಿಗೆ ಬೇಡ ಎಂಬುದು ಗೊತ್ತಿತ್ತು. ಮೂವತ್ತು ವರ್ಷದ ಮೇಲೆ, ಮಂಜುಗಟ್ಟಿದ ನದಿಯ ಪಕ್ಕದ ಒಂದು ಕೋಣೆಯಲ್ಲಿ ಅದೇ ಮಾತು ಕೇಳಿದೆ ಅನ್ನಿಸಿತು.

ಅವತ್ತು ಡಾಕ್ಟರು ಸೊಂಟಕ್ಕೆ ಮಾತ್ರ ಚಿಕಿತ್ಸೆ ಮಾಡಿದರು. ಮೊದಲು ಹತ್ತು ನಿಮಿಷ ಬಿಸಿ ಪ್ಯಾಡ್. ಆಮೇಲೆ ಎಡಮಗ್ಗುಲಾಗಿ ಮಲಗಿಸಿ, ಮೇಲಿನ ಮಂಡಿ ಮಡಚಿಸಿ, ಒಂದು ಕೈಯಿಂದ ನನ್ನ ಭುಜ ಹಿಡಿದರು. ಇನ್ನೊಂದು ಕೈ ಸೊಂಟದ ಮೇಲೆ. "ಈಗ ಒತ್ತುತ್ತೇನೆ. ಸದ್ದು ಬರಬಹುದು, ಬರದೆಯೂ ಇರಬಹುದು. ಬೇಡ ಅನ್ನಿಸಿದರೆ ಹೇಳಿ, ನಿಲ್ಲಿಸುತ್ತೇನೆ." ಉಸಿರು ಬಿಡಲು ಹೇಳಿದರು. ಬಿಟ್ಟೆ. ಒಂದೇ ಒಂದು ಚಿಕ್ಕ, ಚುರುಕಾದ ಒತ್ತು. ಟಕ್ ಎಂದಿತು. ನೋವಾಗಲಿಲ್ಲ.

"ಮೂಳೆ ಜಾಗಕ್ಕೆ ಬಂತಾ?" ಎಂದು ಕೇಳಿದೆ.

ಮೂಳೆ ಜಾಗ ಬಿಟ್ಟು ಹೋಗಿಯೇ ಇರಲಿಲ್ಲ ಅಂದರು. ಕೀಲಿನ ಒಳಗಿನ ದ್ರವದಲ್ಲಿ ಗಾಳಿಯ ಗುಳ್ಳೆ ಆಗುವ ಸದ್ದು ಅದು, ಬೆರಳ ನೆಟಿಗೆ ತೆಗೆದಾಗ ಬರುತ್ತದಲ್ಲ, ಹಾಗೆಯೇ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂ.ಆರ್.ಐ. ಒಳಗೆ ಬೆರಳು ಎಳೆದು ನೆಟಿಗೆ ಬರುವುದನ್ನೇ ಚಿತ್ರ ತೆಗೆದಿದ್ದಾರಂತೆ. ನನಗೆ ಅಮ್ಮ ದೃಷ್ಟಿ ತೆಗೆದು ಕೆನ್ನೆಯ ಪಕ್ಕ ಬೆರಳು ಮುರಿಯುತ್ತಿದ್ದ ಸದ್ದು ನೆನಪಾಯಿತು. ಸದ್ದಿನಿಂದಲ್ಲ, ಬಿಗಿದ ಸ್ನಾಯು ಸ್ವಲ್ಪ ಸಡಿಲ ಬಿಡುವುದರಿಂದ ಆರಾಮ ಅನ್ನಿಸುತ್ತದೆ, ಅದೂ ಎಲ್ಲರಿಗೂ ಅಲ್ಲ, ಇಂಥ ಬೆನ್ನು ನೋವು ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ ಎಂದೂ ಹೇಳಿದರು. ತನ್ನ ಚಿಕಿತ್ಸೆಯ ಬಗ್ಗೆ ಹೀಗೆ ಹೇಳುವವರನ್ನು ನಾನು ನೋಡಿರಲಿಲ್ಲ. ಅಮೆರಿಕದ ಫಿಜಿಶಿಯನ್ನರ ಸಂಘ 2017ರಲ್ಲಿ ಕೊಟ್ಟ ಸಲಹೆಯಲ್ಲೂ ಹೊಸ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಶಾಖ, ಮಸಾಜ್, ಅಕ್ಯುಪಂಕ್ಚರ್, ಬೆನ್ನು ಒತ್ತುವ ಚಿಕಿತ್ಸೆ ಇವನ್ನು ಹೇಳಿದ್ದಾರೆ. ಅಮ್ಮನ ಕಲ್ಲುಪ್ಪಿನ ಶಾಖ ತಪ್ಪಾಗಿರಲಿಲ್ಲ.

ಎದ್ದಾಗ ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಬಗ್ಗಿ ನಾನೇ ಬೂಟು ಹಾಕಿಕೊಂಡೆ. ಬಿಲ್ಲು ನಲವತ್ತು ಡಾಲರ್. ಮತ್ತೆ ಯಾವಾಗ ಬರಲಿ ಎಂದು ಕೇಳಿದೆ. "ಮುಂದಿನ ವಾರ ಒಂದು ಸಲ ನೋಡೋಣ. ನಾಲ್ಕು ಸಲದಲ್ಲಿ ಉಪಯೋಗ ಆಗದಿದ್ದರೆ ನನ್ನ ಹತ್ತಿರ ಬರಬೇಡಿ" ಅಂದರು. ನಾನು ಮೂರು ಸಲ ಹೋದೆ.

ಕತ್ತಿನ ಎಂ.ಆರ್.ಐ.ಯಲ್ಲಿ ಐದು ಮತ್ತು ಆರನೇ ಮೂಳೆಯ ನಡುವಿನ ಡಿಸ್ಕ್ ಉಬ್ಬಿ ನರಕ್ಕೆ ತಾಗುತ್ತಿರುವುದು ಕಂಡಿತು. ಆಪರೇಷನ್ ಬೇಕಾಗಲಿಲ್ಲ. ಎಂಟು ವಾರ ಫಿಸಿಯೋಥೆರಪಿ ಮಾಡಿಸಿದೆ. ಲ್ಯಾಪ್‌ಟಾಪ್ ಕೆಳಗೆ ಹಳೆಯ ನಿಘಂಟುಗಳನ್ನು ಪೇರಿಸಿ ಕಣ್ಣಿನ ಮಟ್ಟಕ್ಕೆ ತಂದೆ, ಬೇರೆ ಕೀಬೋರ್ಡ್ ಕೊಂಡೆ. ಗದ್ದ ಒಳಗೆಳೆದು ಐದು ಎಣಿಸುವ ವ್ಯಾಯಾಮ ದಿನಕ್ಕೆ ಮೂರು ಸಲ. ಏಪ್ರಿಲ್ ಹೊತ್ತಿಗೆ ಜೋಮು ತೋರುಬೆರಳ ತುದಿಗೆ ಮಾತ್ರ ಉಳಿಯಿತು. ಈಗ ಅದೂ ಇಲ್ಲ.

ಬೆಂಗಳೂರಲ್ಲಿರುವ ತಮ್ಮ ಮೊನ್ನೆ ಒಂದು ವಿಡಿಯೋ ಕಳಿಸಿದ. ಯಾರದೋ ಕತ್ತಿಗೆ ಪಟ್ಟಿ ಹಾಕಿ ಜೋರಾಗಿ ಎಳೆಯುತ್ತಾರೆ, ಲಟಕ್ ಅನ್ನುತ್ತದೆ. "ಅಕ್ಕ, ನೀನು ಮಾಡಿಸಿದ್ದು ಇದೇನಾ?" ಎಂದು ಕೇಳಿದ್ದ. ನೋಡಿ ಎದೆ ಡವಡವ ಅಂದಿತು. ತಕ್ಷಣ ಫೋನ್ ಮಾಡಿದೆ. ಅವನು ತಿಂಗಳಿಗೊಮ್ಮೆ ಸಲೂನಿನಲ್ಲಿ ತಲೆಗೆ ಎಣ್ಣೆ ಮಸಾಜ್ ಮಾಡಿಸಿಕೊಳ್ಳುತ್ತಾನೆ, ಕೊನೆಗೆ ಅವರು ಕತ್ತು ಹಿಡಿದು ಎರಡೂ ಕಡೆ ತಿರುಗಿಸುತ್ತಾರೆ ಎಂಬುದು ನನಗೆ ಗೊತ್ತಿತ್ತು. ರಕ್ತನಾಳದ ವಿಷಯ, ಜೋಮಿನ ವಿಷಯ, ಆಚೆಮನೆ ಅಜ್ಜಿಯ ವಿಷಯ, ಎಲ್ಲ ಹೇಳಿದೆ. ಮುಕ್ಕಾಲು ಗಂಟೆ ಮಾತಾಡಿದ್ವಿ. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಬೇಕು ಅಂದೆ.

ನಿನ್ನೆ ಅವನ ಮೆಸೇಜ್ ಬಂತು. "ಎಣ್ಣೆ ಸಾಕು, ಕತ್ತು ಬೇಡ ಅಂದೆ ಅಕ್ಕ. ಯಾಕೆ ಸಾರ್ ಅಂತ ಕೇಳಿದ್ರು. ನಿನ್ನ ಕಥೆ ಪೂರ್ತಿ ಹೇಳಿದೆ. ಅಷ್ಟೊತ್ತೂ ಬಾಚಣಿಗೆ ಕೈಯಲ್ಲಿ ಹಿಡ್ಕೊಂಡು ನಿಂತು ಕೇಳಿದ್ರು."