ಕೊಕ್ಕರೆ ಬೆಳ್ಳೂರಿಗೆ ಹೋಗುವವರು ದೊಡ್ಡ ಲೆನ್ಸ್ ಮನೆಯಲ್ಲೇ ಬಿಟ್ಟು ಹೋಗಿ

ದೂರದ್ದನ್ನು ಹತ್ತಿರಕ್ಕೆ ಎಳೆಯುವ 500 ಮಿ.ಮೀ.ನ ಪ್ರೈಮ್ (ಝೂಮ್ ಇಲ್ಲದ) ಲೆನ್ಸಿಗೆ ಎರಡು ದಿನಕ್ಕೆ 3,600 ರೂಪಾಯಿ ಬಾಡಿಗೆ ಕೊಟ್ಟೆ, ಡಿಪಾಸಿಟ್ ಬೇರೆ. ಮಂಡ್ಯ ಜಿಲ್ಲೆಯ ಮದ್ದೂರಿನ ಹತ್ತಿರದ ಹಕ್ಕಿಗಳ ಊರು ಕೊಕ್ಕರೆ ಬೆಳ್ಳೂರಿನ ಬೀದಿಯಲ್ಲಿ ಮೊದಲು ಸಿಕ್ಕ ಹುಣಸೆಮರದ ಕೆಳಗೆ ನಿಂತು ಕಣ್ಣಿಗೆ ಹಚ್ಚಿದರೆ ಕಂಡದ್ದು ಒಂದು ಹೆಜ್ಜಾರ್ಲೆಯ (ಪೆಲಿಕನ್) ಕತ್ತು ಮತ್ತು ಅರ್ಧ ಕೊಕ್ಕು. ಹಿಂದಕ್ಕೆ ಸರಿಯೋಣವೆಂದರೆ ಬೆನ್ನಿಗೆ ಕೊಟ್ಟಿಗೆಯ ಗೋಡೆ. ಆ ಲೆನ್ಸನ್ನು ಮತ್ತೆ ಬ್ಯಾಗಿನಿಂದ ತೆಗೆದದ್ದು ಅಂಗಡಿಗೆ ವಾಪಸ್ ಕೊಡುವಾಗಲೇ.

ಅಲ್ಲಿಗೆ ಹೋಗುವ ಯೋಚನೆ ಇರುವವರಿಗೆ ನಾನು ಪಟ್ಟ ಪಾಡು ಮೊದಲು ಹೇಳಿಬಿಡುತ್ತೇನೆ.

ಬೆಂಗಳೂರಿನಿಂದ ಸುಮಾರು 80 ಕಿ.ಮೀ. ಅಷ್ಟೇ ತಾನೇ ಎಂದು ಬೆಳಗಿನ ಜಾವ ಸಿಕ್ಕ ಬಸ್ಸು ಹತ್ತಿದೆ. ‘ಮದ್ದೂರಿಗೆ ಹೋಗುತ್ತಾ?’ ಎಂದರೆ ಕಂಡಕ್ಟರು ತಲೆ ಆಡಿಸಿದರು. ಬಸ್ಸು ಮದ್ದೂರಿಗೆ ಹೋಯಿತು, ಸುಳ್ಳಲ್ಲ. ಆದರೆ ಫ್ಲೈಓವರ್ ಮೇಲೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಬಂದಮೇಲೆ ಮದ್ದೂರು ಪೇಟೆ ಕೆಳಗೆ, ಬಸ್ಸು ಮೇಲೆ. ಕಿಟಕಿಯಿಂದ ಪೇಟೆಯ ತಾರಸಿಗಳು, ನೀರಿನ ಟ್ಯಾಂಕುಗಳು ಹಿಂದಕ್ಕೆ ಓಡುತ್ತಿದ್ದವು. ನಾನು ಕೂಗಾಡಿದಮೇಲೆ ಸೇತುವೆ ಇಳಿದ ಕಡೆ ನಿಲ್ಲಿಸಿ ‘ಇಲ್ಲೇ ಇಳ್ಕೊಳ್ಳಿ ಸಾರ್’ ಎಂದರು. ಬೆನ್ನ ಮೇಲೆ ಎಂಟು ಕೆಜಿ ಹೊತ್ತು ಸರ್ವೀಸ್ ರಸ್ತೆಯ ಧೂಳಿನಲ್ಲಿ ಎರಡು ಕಿ.ಮೀ.ಗೂ ಹೆಚ್ಚು ಹಿಂದಕ್ಕೆ ನಡೆದೆ. ಹತ್ತುವಾಗ ಕೇಳಬೇಕಾದ್ದು ‘ಮದ್ದೂರಿಗೆ ಹೋಗುತ್ತಾ’ ಅಂತಲ್ಲ, ‘ಸರ್ವೀಸ್ ರಸ್ತೆಯಲ್ಲಿ ಹೋಗುತ್ತಾ’ ಅಂತ. ಅದಕ್ಕೆ ಹೌದು ಎಂದರೆ ಮದ್ದೂರಿಗೂ ಮೊದಲೇ ರುದ್ರಾಕ್ಷಿಪುರದಲ್ಲಿ ಇಳಿಯಬಹುದು, ಊರಿನ ದಾರಿ ತಿರುಗುವುದು ಅಲ್ಲೇ. ಇಲ್ಲದಿದ್ದರೆ ಸುಮ್ಮನೆ ರೈಲು ಹಿಡಿಯಿರಿ. ಮೈಸೂರು ಕಡೆಯ ಪ್ಯಾಸೆಂಜರ್ ಗಾಡಿಗಳು ಮದ್ದೂರಿನಲ್ಲಿ ನಿಲ್ಲುತ್ತವೆ, ಸ್ಟೇಷನ್ನಿನಿಂದ ಆಟೋ ಸಿಗುತ್ತದೆ. ಬೈಕಿನವರಿಗೆ ಒಂದು ಮಾತು: 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನ ಬಿಡುವುದಿಲ್ಲ, ನಿಮಗೂ ಸರ್ವೀಸ್ ರಸ್ತೆಯೇ ಗತಿ.

ಇನ್ನು ರೂಮು. ಹೆದ್ದಾರಿ ಪಕ್ಕದ ಆ ಜಾಗದ ಹೆಸರು ಹೇಳುವುದಿಲ್ಲ. ಆ್ಯಪಿನಲ್ಲಿ ಹಾಕಿದ್ದ ಫೋಟೋದಲ್ಲಿ ಕಿಟಕಿಯಾಚೆ ಕೊಕ್ಕರೆ ಹಾರುತ್ತಿತ್ತು. ನನ್ನ ಕಿಟಕಿಯಾಚೆ ಜನರೇಟರ್ ಇತ್ತು. ರಾತ್ರಿಗೆ 3,200. ಬಿಸಿನೀರು ಏಳು ಗಂಟೆಯ ಮೇಲೆ. ಹಕ್ಕಿ ಫೋಟೋ ತೆಗೆಯುವವನು ಏಳು ಗಂಟೆಗೆ ರೂಮಿನಲ್ಲಿ ಏನು ಮಾಡುತ್ತಾನೆ? ‘ಹಕ್ಕಿ ಎಲ್ಲಿ?’ ಎಂದು ಕೇಳಿದ್ದಕ್ಕೆ ಹುಡುಗ ರಿಸೆಪ್ಷನ್ ಗೋಡೆಯ ಕ್ಯಾಲೆಂಡರ್ ತೋರಿಸಿದ. ತಮಾಷೆಗೋ ನಿಜಕ್ಕೋ ಈಗಲೂ ಗೊತ್ತಾಗಿಲ್ಲ. ಮದ್ದೂರು ಪೇಟೆಯೊಳಗಿನ ಸಾಮಾನ್ಯ ಲಾಡ್ಜಿನಲ್ಲಿ ಎರಡನೇ ರಾತ್ರಿ 700ಕ್ಕೆ ಮಲಗಿದೆ, ಸೊಳ್ಳೆ ಇದ್ದವು, ನಿದ್ದೆಯೂ ಬಂತು.

ಈಗ ಊರು. ಇದು ರಂಗನತಿಟ್ಟಿನ ಹಾಗೆ ಪಕ್ಷಿಧಾಮ ಅಲ್ಲ. 2007ರಲ್ಲಿ ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿದ್ದಾರೆ. ಅಂದರೆ ಜನರೂ ಹಕ್ಕಿಯೂ ಒಂದೇ ಜಾಗದಲ್ಲಿ. ದೋಣಿ ಇಲ್ಲ, ಸಫಾರಿ ಇಲ್ಲ. ಮನೆ ಮುಂದಿನ ಹುಣಸೆ, ಬೀದಿ ಮೂಲೆಯ ಅರಳಿ, ಆಲ, ಇವುಗಳಲ್ಲೇ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಯ ಗೂಡು. ನೀವು ನಿಂತು ಫೋಟೋ ತೆಗೆಯುವ ಜಾಗ ಯಾರದೋ ಅಂಗಳ ಆಗಿರುತ್ತದೆ. ಇದು ತಲೆಯಲ್ಲಿದ್ದರೆ ಅರ್ಧ ಸಮಸ್ಯೆ ಮುಗಿಯಿತು.

ನಾನು ಹೋದದ್ದು ಫೆಬ್ರವರಿ ನಡುವೆ. ಹಕ್ಕಿಗಳು ವರ್ಷದ ಕೊನೆಗೆ ಬರಲು ಶುರುವಾಗಿ ಮೇವರೆಗೂ ಇರುತ್ತವೆ, ಮರಿ ನೋಡಬೇಕಾದರೆ ಫೆಬ್ರವರಿ, ಮಾರ್ಚ್ ವಾಸಿ. ನಾನಿದ್ದಾಗ ಹೆಜ್ಜಾರ್ಲೆ ಮರಿಗಳು ತಾಯಿಯ ಕೊಕ್ಕಿನ ಚೀಲದೊಳಗೆ ಕತ್ತಿನವರೆಗೂ ತಲೆ ತೂರಿಸಿ ಮೀನು ಎಳೆಯುತ್ತಿದ್ದವು. ಮೊದಲ ಸಲ ನೋಡಿದರೆ ತಾಯಿಯೇ ಮರಿಯನ್ನು ನುಂಗುತ್ತಿದೆ ಅನ್ನಿಸುತ್ತದೆ. ಗದ್ದಲವೆಲ್ಲ ಮರಿಗಳದ್ದೇ. ದೊಡ್ಡ ಬಣ್ಣದ ಕೊಕ್ಕರೆಗೆ ಹೆಚ್ಚುಕಡಿಮೆ ದನಿಯೇ ಇಲ್ಲ, ಕೊಕ್ಕನ್ನು ಲಟಲಟ ಬಡಿಯುತ್ತದೆ ಅಷ್ಟೇ. ಬೆಳಿಗ್ಗೆ ಹೊತ್ತೇರುತ್ತಿದ್ದಂತೆ ಶಿಂಷಾ ಹೊಳೆ, ಸೂಳೆಕೆರೆ, ತೈಲೂರು ಕೆರೆಗಳ ಕಡೆ ಮೀನಿಗೆ ಹೋಗಿ ಬಂದು ಮಾಡುತ್ತವೆ.

ಫೋಟೋ ವಿಷಯ. ಮರದ ಕೆಳಗಿನಿಂದ ತೆಗೆದರೆ ಬಿಳಿ ಆಕಾಶದ ಮುಂದೆ ಕಪ್ಪು ಹೊಟ್ಟೆ ಬರುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಮೇಲೆ ಇಟ್ಟರೂ ಹೊಟ್ಟೆ ಹೊಟ್ಟೆಯೇ. ಬೇಕಾದ್ದು ಎತ್ತರ. ಗೂಡಿನ ಸಮಕ್ಕಿರುವ ತಾರಸಿ ನೋಡಿ, ಮನೆಯವರನ್ನು ಕೇಳಿ, ಚಪ್ಪಲಿ ಬಿಟ್ಟು ಹತ್ತಿ. ಬೆಳಿಗ್ಗೆ ಏಳರಿಂದ ಒಂಬತ್ತು ಸಾಕು, ಆಮೇಲಿನ ಬಿಸಿಲಿಗೆ ಹೆಜ್ಜಾರ್ಲೆ ಒಗೆದ ಬೂದು ಬಟ್ಟೆಯ ಹಾಗೆ ಕಾಣುತ್ತದೆ. 70-200 ಮಿ.ಮೀ. ಝೂಮ್ ಲೆನ್ಸ್ ಇದ್ದರೆ ಧಾರಾಳ. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಹಳೆಯ 35 ಮಿ.ಮೀ.: ಒಣಹಾಕಿದ ಸೀರೆ, ಹುಲ್ಲಿನ ಮೆದೆ, ಹಾಲಿನ ಕ್ಯಾನು ತೊಳೆಯುವ ಹೆಂಗಸು, ಅವಳ ನೆತ್ತಿಯ ಮೇಲೆ ಹನ್ನೆರಡು ಗೂಡು, ಎಲ್ಲ ಒಂದೇ ಚೌಕಟ್ಟಿನಲ್ಲಿ. ಟೋಪಿ ಮರೆಯಬೇಡಿ. ಲೆನ್ಸಿಗೆ ಹುಡ್ ಹಾಕಿ. ಮೇಲಿಂದ ಬೀಳುವುದು ಸಣ್ಣ ಹನಿ ಅಲ್ಲ, ಲೋಟದಷ್ಟು, ಮತ್ತು ಅದು ಮೀನಿನದು. ಊರವರು ಅದನ್ನು ಮರದ ಬುಡದಲ್ಲೇ ಹಿಡಿದು ಗೊಬ್ಬರಕ್ಕೆ ಹಾಕುತ್ತಾರೆ. ನನ್ನ ಬ್ಯಾಗಿನ ಪಟ್ಟಿ ಮೂರು ಸಲ ಸೋಪಿನಲ್ಲಿ ತೊಳೆದರೂ ವಾಸನೆ ಬಿಟ್ಟಿಲ್ಲ.

ತಾರಸಿ ಕೊಟ್ಟವರು ಒಬ್ಬ ಅಜ್ಜಿ. ‘ಹತ್ತು ಹೋಗಪ್ಪ, ಹಪ್ಪಳ ತುಳೀಬ್ಯಾಡ’ ಎಂದಷ್ಟೇ ಹೇಳಿದರು. ಒಂಬತ್ತರ ಸುಮಾರಿಗೆ ಕೆಳಗೆ ಎರಡು ಕಾರು ಬಂದವು. ಏಳೆಂಟು ಜನ, ಎಲ್ಲರ ಕೈಯಲ್ಲೂ ನನ್ನ ಬಾಡಿಗೆ ಲೆನ್ಸಿನಂಥವೇ. ಹಕ್ಕಿ ಕೂತೇ ಇವೆ, ಹಾರುವ ಫೋಟೋ ಬೇಕು. ಒಬ್ಬ ಕೈ ಎತ್ತಿ ಮೂರು ಸಲ ಜೋರಾಗಿ ಚಪ್ಪಾಳೆ ತಟ್ಟಿದ. ಮರದ ಅರ್ಧ ಭಾಗ ಒಮ್ಮೆಲೇ ಮೇಲೆದ್ದಿತು, ಕಡ್ಡಿ ಉದುರಿದವು, ಒಂದು ಗೂಡಿನ ಮರಿ ಅಂಚಿಗೆ ಬಂದು ರೆಕ್ಕೆ ಬಡಿಯುತ್ತಾ ಕೊಂಬೆ ಕಚ್ಚಿಕೊಂಡಿತು. ಬೀಳಲಿಲ್ಲ. ಅಜ್ಜಿ ಪೊರಕೆ ಹಿಡಿದೇ ಹೊರಬಂದರು. ‘ನಿಮ್ಮನೇಲಿ ಕೂಸು ಮನಿಕಂಡಿದ್ರೆ ಇಂಗೇ ತಟ್ಟೀರಾ? ಬಾಣಂತನಕ್ಕೆ ಬಂದಿರೋವು ಕಣ್ರಪ್ಪ ಇವು!’ ಆ ಗುಂಪು ಗೊಣಗುತ್ತಾ ಕಾರು ಹತ್ತಿತು.

ಆಮೇಲೆ ಅಜ್ಜಿ ತಲೆ ಎತ್ತಿ ನನ್ನ ಕಡೆ ನೋಡಿದರು. ನನ್ನ ಬೆರಳು ಇನ್ನೂ ಬಟನ್ ಮೇಲೇ ಇತ್ತು. ಹಕ್ಕಿಗಳು ಎದ್ದ ಆ ಎರಡು ಸೆಕೆಂಡಿನಲ್ಲಿ ನಾನು ಹದಿನಾಲ್ಕು ಫ್ರೇಮ್ ಹೊಡೆದಿದ್ದೆ. ತಟ್ಟಿದವನು ನಾನಲ್ಲ, ನಿಜ. ಬೆಳಕು, ರೆಕ್ಕೆ, ಗುಲಾಬಿ ಗರಿ, ಎಲ್ಲ ಸರಿಯಾಗಿ ಬಂದಿರುವುದು ಆ ಹದಿನಾಲ್ಕರಲ್ಲೇ. ಎಲ್ಲೂ ಹಾಕಿಲ್ಲ.

ಮರಿ ನಿಜಕ್ಕೂ ಬಿದ್ದರೆ ನೀವೇ ಎತ್ತಿಕೊಳ್ಳಲು ಹೋಗಬೇಡಿ, ಊರಿನವರಿಗೆ ಹೇಳಿ. ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು ಮೀನು ಹಾಕಿ ಸಾಕಿ ಬಿಡುವ ರೂಢಿ ಇದೆ. 1990ರ ದಶಕದಲ್ಲಿ ಊರಿನ ಹುಡುಗರೇ ಸೇರಿ ಕಟ್ಟಿಕೊಂಡ ‘ಹೆಜ್ಜಾರ್ಲೆ ಬಳಗ’ ಈ ಕೆಲಸಕ್ಕೆ ಕೈ ಹಾಕಿತ್ತು. ಹಿಂದೆ ಪ್ಲೇಗ್ ಬಂದು ಶಿಂಷಾ ದಡದಿಂದ ಊರು ಈಗಿನ ಜಾಗಕ್ಕೆ ಎದ್ದು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಇಲ್ಲಿನವರು ಹೇಳುತ್ತಾರೆ. ಹೊರಗಿನವರಿಗೆ ಈ ಊರು ಗೊತ್ತಾದದ್ದು 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಇದರ ಬಗ್ಗೆ ತಿಳಿಸಿದಮೇಲೆ.

ಹೊಟ್ಟೆ ವಿಷಯಕ್ಕೆ ಬಂದರೆ, ಈ ಪ್ರವಾಸದಲ್ಲಿ ನಾನು ಕೊಟ್ಟ ದುಡ್ಡಿಗೆ ಪೂರ್ತಿ ನ್ಯಾಯ ಸಿಕ್ಕಿದ್ದು ಒಂದೇ ಕಡೆ. ಊರಿನಿಂದ ಹೆದ್ದಾರಿಗೆ ಬರುವ ದಾರಿಯಲ್ಲಿ ಶೀಟಿನ ಹೋಟೆಲ್, ಬೋರ್ಡಿಲ್ಲ, ಮುಂದೆ ಟ್ರ್ಯಾಕ್ಟರ್ ನಿಂತಿದ್ದರೆ ಅದೇ ಎಂದುಕೊಳ್ಳಿ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಬಸಿದ ಕಾಳಿನ ಪಲ್ಯ, ಆಮೇಲೆ ಅನ್ನ, ಮಜ್ಜಿಗೆ, 60 ರೂಪಾಯಿ. ಮುದ್ದೆ ಕಟ್ಟುವವರು ಕೈಯನ್ನು ನೀರಿಗೆ ಅದ್ದಿ, ಮರದ ಹಲಗೆ ಮೇಲೆ ಎರಡೇ ಸುತ್ತಿಗೆ ಉಂಡೆ ಮಾಡಿ ತಟ್ಟೆಗೆ ಉರುಳಿಸುತ್ತಿದ್ದರು. ಹೊಳೆಯುತ್ತಿತ್ತು, ಒಂದು ಗಂಟಿಲ್ಲ. ಬಸ್ಸಾರಿನಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿಯ ಘಮ, ನಾಲಿಗೆಯ ಪಕ್ಕಕ್ಕೆ ಹತ್ತುವ ಹುಳಿ. ಎರಡನೇ ಮುದ್ದೆ ಕೇಳದೆಯೇ ಬಂತು, ಅದಕ್ಕೆ ಕಾಸಿಲ್ಲ. ‘ನಿಮ್ಮೂರಿನ ಹುಣಸೆಯೇ ಬೇರೆ’ ಎಂದು ಹೊಗಳಿದೆ. ಆತ ನಕ್ಕರು. ‘ಸಂತೇಲಿ ತಂದಿದ್ದು ಸಾರ್. ನಮ್ಮ ಮರದ್ದು ಎಲ್ಲಿ ಬಡಿಯಾದು, ಹಕ್ಕಿ ಕೂತವಲ್ಲ.’ ಹುಣಸೆ ಬಡಿಯುವ ಕಾಲವೂ ಮರಿ ಬೆಳೆಯುವ ಕಾಲವೂ ಒಂದೇ. ಗೂಡಿರುವ ಮರ ಬಡಿಯುವುದಿಲ್ಲ ಎಂದು ಸರ್ಕಾರ ಮರದ ಲೆಕ್ಕದಲ್ಲಿ ಪರಿಹಾರ ಕೊಡುವ ಪದ್ಧತಿ ಇದೆ ಎಂದು ಓದಿದ್ದೆ. ಅದರ ಅರ್ಥ ಆದದ್ದು ತಟ್ಟೆಯ ಮುಂದೆ ಕೂತಾಗ.

ಮೂರನೇ ದಿನ ರಂಗನತಿಟ್ಟಿಗೂ ಹೋದೆ. ಭಾನುವಾರ. ದೋಣಿಯ ಸಾಲು ನೋಡಿ ವಾಪಸ್ ಬಂದೆ, ಅದರ ಬಗ್ಗೆ ಇನ್ನೇನೂ ಹೇಳುವುದಿಲ್ಲ. ಜನ ಕಂಡರೆ ನನಗೆ ಆಗುವುದಿಲ್ಲ, ಆದೀತು ಎನ್ನುವವರು ಹೋಗಿ. ಕೊಕ್ಕರೆ ಬೆಳ್ಳೂರಿಗಂತೂ ವಾರದ ನಡುವೆಯೇ ಹೋಗಿ.

ಕೊನೆಯದೊಂದು. ಫೋಟೋ ತೆಗೆದ ಮನೆಯವರಿಗೆ ‘ಕಳಿಸ್ತೀನಿ’ ಎಂದು ಹೇಳಿ ಬರುವ ಅಭ್ಯಾಸ ನಮಗೆಲ್ಲ ಇದೆ. ಅಜ್ಜಿಗೂ ಹೇಳಿದ್ದೆ. ‘ಎಲ್ರೂ ಅಂಗೇ ಅಂತಾರೆ ಬುಡು’ ಎಂದಿದ್ದರು. ಹಟಕ್ಕೆ ಬಿದ್ದು ಏಪ್ರಿಲ್‌ನಲ್ಲಿ ನಾಲ್ಕು ಪ್ರಿಂಟ್ ಹಾಕಿಸಿ ಒಯ್ದೆ, ಈ ಸಲ ರೈಲಿನಲ್ಲಿ. ಹುಣಸೆಮರ ಪೂರ್ತಿ ಬಂದಿದ್ದ ಪ್ರಿಂಟನ್ನು ಜಗಲಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗೂಡು ಎಣಿಸುತ್ತಿದ್ದಾರೆ ಎಂದುಕೊಂಡೆ.

‘ಅಲ್ಲ ಕಣಪ್ಪ,’ ಎಂದರು ಕೊನೆಗೆ, ‘ನಮ್ಮ ಕರೀನ ಮೂತಿ ಅರ್ಧ ಕತ್ತರಿಸ್ಬುಟ್ಟಿದ್ದೀಯಲ್ಲ.’