ಎಲುಬು ಉಳಿಸೋದು ಬೇರೆ, ಬೇರು ಮುಚ್ಚೋದು ಬೇರೆ

ವಸಡು ಸರಿದು ಹಲ್ಲು ಉದ್ದ ಕಾಣತೊಡಗಿದವರು ಆಪರೇಷನ್ ಅಂದಕೂಡಲೇ ವಸಡು ಮೊದಲಿನಂತೆ ಆಗುತ್ತದೆ ಅಂದುಕೊಳ್ಳುತ್ತಾರೆ. ವಸಡು ಬಿಡಿಸಿ ಬೇರು ಕೆರೆಯುವ ಫ್ಲ್ಯಾಪ್ ಸರ್ಜರಿಯಲ್ಲಿ ಆಗುವುದು ಉಲ್ಟಾ. ಬಾವು ಇಳಿದು ವಸಡು ಬಿಗಿಯಾದಾಗ ಹಲ್ಲು ಇನ್ನಷ್ಟು ಉದ್ದ ಕಾಣುತ್ತದೆ, ತಣ್ಣೀರಿಗೆ ಜುಮ್ ಅನ್ನುತ್ತದೆ. ಅದರ ಕೆಲಸ ಎಲುಬು ಮುಂದೆ ಕರಗದಂತೆ ತಡೆಯುವುದು, ಅಷ್ಟೇ.

ವಸಡು ಗಟ್ಟಿಯಿದ್ದರೆ ಹಲ್ಲಿಗೂ ಅದಕ್ಕೂ ನಡುವಿನ ಸಂದು 1ರಿಂದ 3 ಮಿ.ಮೀ. ಆಳ. ಡೀಪ್ ಕ್ಲೀನಿಂಗ್ ಆಗಿ 4–6 ವಾರ ಬಿಟ್ಟು ಅಳೆದಾಗಲೂ 6 ಮಿ.ಮೀ. ಇದ್ದು ರಕ್ತ ಒಸರಿದರೆ ಫ್ಲ್ಯಾಪ್ ಮಾತು ಬರುತ್ತದೆ. ವಸಡು ಬಿಡಿಸಿ, ಬೇರಿಗೆ ಕಲ್ಲಿನಂತೆ ಕಟ್ಟಿದ ಪಾಚಿಯನ್ನು ಕಣ್ಣಾರೆ ನೋಡಿ ಕೆರೆದು, ಹೊಲಿಗೆ ಹಾಕುತ್ತಾರೆ.

ಎಲುಬು ಕರಗಿದ ಗುಂಡಿಗೆ ತುಂಬುವ ‘ಎಲುಬಿನ ಪುಡಿ’ ಎಲ್ಲರಿಗೂ ಹಾಕುವಂಥದ್ದಲ್ಲ. ಎಲುಬು ಬೇರಿನ ಪಕ್ಕ ಕಿರಿದಾಗಿ, ಮೂರು ಗೋಡೆ ಉಳಿಸಿಕೊಂಡು ಕುಸಿದಿದ್ದರೆ ಹಗೇವಿನಲ್ಲಿ ಜೋಳ ನಿಂತಂತೆ ಪುಡಿ ನಿಲ್ಲುತ್ತದೆ. ಸಮನಾಗಿ ಸವೆದು ಇಳಿದಿದ್ದರೆ ನಿಲ್ಲಲು ಆಸರೆಯೇ ಇಲ್ಲ; ಅಲ್ಲಿ ಪುಡಿಗೆ ಹಣ ಸುರಿಯಬೇಡಿ. ಎಕ್ಸ್‌ರೇ ಮುಂದಿಟ್ಟುಕೊಂಡು ಗುಂಡಿಯ ಆಕಾರ ಯಾವುದೆಂದು ಕೇಳಿ.

ಬೇರು ಮುಚ್ಚುವ ಆಪರೇಷನ್ ಬೇರೆಯೇ. ಅಂಗುಳಿನಿಂದ 1–1.5 ಮಿ.ಮೀ. ದಪ್ಪದ ಅಂಗಾಂಶ ತೆಗೆದು ವಸಡಿನ ಅಡಿ ಸರಿಸುತ್ತಾರೆ. ಬೇರಿನ ಮೈಯಲ್ಲಿ ರಕ್ತನಾಳಗಳಿಲ್ಲ, ಹಾಗಾಗಿ ತುಣುಕು ಬದುಕುವುದು ಅಕ್ಕಪಕ್ಕದ ವಸಡಿನ ರಕ್ತದಿಂದ. ಎರಡು ಹಲ್ಲಿನ ನಡುವಿನ ಎಲುಬು ಗಟ್ಟಿಯಿದ್ದರೆ ಬೇರು ಪೂರ್ತಿ ಮುಚ್ಚುವ ಸಾಧ್ಯತೆ ಹೆಚ್ಚು. ಅದೂ ಹೋಗಿದ್ದರೆ ಅರ್ಧಂಬರ್ಧ, ಇಲ್ಲವೇ ಏನೂ ಇಲ್ಲ. ಮೊದಲ ದಿನಗಳಲ್ಲಿ ತುಟಿ ಎತ್ತಿ ಕನ್ನಡಿ ನೋಡುವ ಚಾಳಿಯಿಂದ ಹೊಲಿಗೆ ಸಡಿಲಾಗಿ ತುಣುಕು ಸಾಯಬಹುದು.

ಬೆಳಗಾವಿ ಕಡೆ ಮಿಶ್ರಿ (ಹುರಿದ ತಂಬಾಕಿನ ಪುಡಿ) ತಿಕ್ಕುವ ಅವ್ವಂದಿರಿಗೆ ಇದನ್ನು ಬಿಡಿಸಿ ಹೇಳಬೇಕು. ಅದೂ ತಂಬಾಕೇ. ನಿಕೋಟಿನ್ ರಕ್ತನಾಳ ಬಿಗಿಮಾಡುತ್ತದೆ, ಗಾಯ ಬೇಗ ಮಾಯುವುದಿಲ್ಲ. ಸಕ್ಕರೆ ಕಾಯಿಲೆಯಿದ್ದರೆ ಮೊದಲು ಅದು ಹತೋಟಿಗೆ ಬರಲಿ. ರಕ್ತ ತೆಳುವಾಗುವ ಗುಳಿಗೆ ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿ.

ಆಪರೇಷನ್ ಆದಮೇಲೆ ಎರಡು ವಾರ ಆ ಜಾಗಕ್ಕೆ ಬ್ರಶ್ ತಾಗಿಸದೆ, 0.2% ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ. ಬೆಳಿಗ್ಗೆ–ರಾತ್ರಿ ಒಂದೊಂದು ನಿಮಿಷ ಬಾಯಲ್ಲಿ ಆಡಿಸಿ. ಪೇಸ್ಟ್ ಮತ್ತು ಇದರ ನಡುವೆ ಅರ್ಧ ಗಂಟೆ ಇರಲಿ, ಇಲ್ಲದಿದ್ದರೆ ಔಷಧಿ ಕೆಲಸ ಕೆಡುತ್ತದೆ. ಹಲ್ಲಿಗೆ ಕಂದು ಕಲೆ ಬಂದರೆ ಹೆದರಬೇಡಿ, ಪಾಲಿಶ್‌ನಲ್ಲಿ ಹೋಗುತ್ತದೆ. ಕಟಕ ರೊಟ್ಟಿ, ಶೇಂಗಾ ಹಿಂಡಿ ದೂರ. ಆರಿದ ಜೋಳದ ನುಚ್ಚು, ಮಜ್ಜಿಗೆ ಸಾಕು. ಪುಡಿ ಹಾಕಿದ ಜಾಗವನ್ನು ಆರು ತಿಂಗಳು ಯಾರೂ ಕಡ್ಡಿ ಇಟ್ಟು ಅಳೆಯಬಾರದು. ಬೇರೆ ದವಾಖಾನೆಗೆ ಹೋದರೆ ನೀವೇ ಮೊದಲು ಹೇಳಿ.